ಅಪ್ಪನ ಹಳೇ ಫ್ಲಾಪಿಗಳನ್ನು ಈಗಿನ ಲ್ಯಾಪ್‌ಟಾಪ್‌ನಲ್ಲಿ ಓದುವುದು ಹೇಗೆ? ಉಡುಪಿ, ಮಂಗಳೂರು ಕಡೆ ಯಾರಾದರೂ ಮಾಡಿದವರು ಇದ್ದೀರಾ?

ಕಟಪಾಡಿ ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪ ಶಾಲೆ ಮಾಸ್ಟ್ರು, ಜೊತೆಗೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. 1990ರ ದಶಕದ ಕೊನೆಗೆ ಮನೆಗೆ ಕಂಪ್ಯೂಟರ್ ಬಂದ ಮೇಲೆ ತಮ್ಮ ಅರ್ಥಗಾರಿಕೆಯ ಟಿಪ್ಪಣಿಗಳನ್ನೆಲ್ಲ ತಾವೇ ಕೂತು ಟೈಪ್ ಮಾಡಿ ಫ್ಲಾಪಿಯಲ್ಲಿ ಇಟ್ಟಿದ್ದರು. ಆ ಕಂಪ್ಯೂಟರ್ ಗುಜರಿಗೆ ಹೋಗಿ ಎಷ್ಟೋ ಕಾಲ ಆಯ್ತು. ಫ್ಲಾಪಿಗಳು ಮಾತ್ರ ಕಪಾಟಿನಲ್ಲಿ ಉಳಿದಿವೆ. ಎರಡು ಡಬ್ಬ ತುಂಬ ಮೂರೂವರೆ ಇಂಚಿನವು. ಒಂದು ಕವರಿನಲ್ಲಿ ಐದೂಕಾಲು ಇಂಚಿನ ಬಗ್ಗುವ ಫ್ಲಾಪಿ ಕೆಲವು, ಅವು ಶಾಲೆಯ ಕಂಪ್ಯೂಟರ್‌ನವು.

ಆನ್‌ಲೈನ್‌ನಲ್ಲಿ ಒಂದು ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿದೆ. ಮೊದಲು ಹಾಕಿದ್ದು ಓದಿತು, ಎ ಡ್ರೈವ್ ಅಂತ ವಿಂಡೋಸ್ 11ರಲ್ಲೇ ಬಂತು. ಆಮೇಲೆ ಹಾಕಿದ್ದಕ್ಕೆಲ್ಲ "ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳುತ್ತಿದೆ. ನಾನು ಒತ್ತಲಿಲ್ಲ. ಒಂದು ಫ್ಲಾಪಿಯಂತೂ ಒಳಗೆ ಕರಕರ ಸದ್ದು ಮಾಡಿತು, ಹೆದರಿ ತೆಗೆದೆ. ಇಲ್ಲಿನ ಒಂದು ಅಂಗಡಿಯಲ್ಲಿ ತೋರಿಸಿದರೆ "ಇದೆಲ್ಲ ಹೋಯ್ತು, ಬಿಸಾಡಿ" ಅಂದರು. ಅಪ್ಪನಿಗೆ ಈಗ ಕಣ್ಣು ಸರಿ ಕಾಣುವುದಿಲ್ಲ. ಅವರ ಕರ್ಣನ ಅರ್ಥ, ವಾಲಿಯ ಅರ್ಥ ಎಲ್ಲ ಅದರಲ್ಲಿದೆ, ಅವರಿಗೆ ಓದಿ ಹೇಳಬೇಕು ಅಂತ ಆಸೆ. ನಿಜವಾಗಿಯೂ ಹೋಗಿದೆಯಾ?

ಸುರತ್ಕಲ್ ಸೋಲ್ಡರ್:

ಅಕ್ಕ, ಬಿಸಾಡಬೇಡಿ. ಫಾರ್ಮ್ಯಾಟ್ ಒತ್ತದೆ ಇದ್ದದ್ದು ಒಳ್ಳೆಯದಾಯಿತು. ಈಗ ಮೊದಲ ಕೆಲಸ, ಆ ಡ್ರೈವ್‌ಗೆ ಇನ್ನೊಂದು ಫ್ಲಾಪಿ ಹಾಕುವುದನ್ನು ನಿಲ್ಲಿಸಿ. ಕರಕರ ಸದ್ದು ಬಂತು ಅಂದರೆ ನಮ್ಮ ಊರಲ್ಲಿ ನೂರಕ್ಕೆ ತೊಂಬತ್ತು ಪಾಲು ಅದು ಬೂಷ್ಟು.

ಫ್ಲಾಪಿಯ ಲೋಹದ ಬಾಗಿಲನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿ. ಒಳಗೆ ಕಪ್ಪು ಕಂದು ಬಣ್ಣದ ಹಾಳೆ ಕಾಣುತ್ತದೆ. ಹಿಂದಿನ ಲೋಹದ ಬಿಲ್ಲೆಯನ್ನು ಬೆರಳಲ್ಲಿ ನಿಧಾನಕ್ಕೆ ತಿರುಗಿಸುತ್ತಾ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಒಳ್ಳೆಯ ಹಾಳೆ ಕನ್ನಡಿ ತರ ಹೊಳೆಯುತ್ತದೆ. ಬೂಷ್ಟು ಹಿಡಿದದ್ದರಲ್ಲಿ ಬೂದಿ ಬಣ್ಣದ ಚುಕ್ಕೆ, ಕವಲು ಕವಲಾಗಿ ಹಬ್ಬಿದ ಮಸುಕು ಗುರುತು ಕಾಣುತ್ತದೆ. ಎರಡೂ ಬದಿ ನೋಡಬೇಕು. ಹಾರ್ಡ್‌ಡಿಸ್ಕ್ ಹಾಗಲ್ಲ ಫ್ಲಾಪಿ, ಇದರಲ್ಲಿ ಎರಡು ಹೆಡ್‌ಗಳು ಮೇಲಿಂದ ಕೆಳಗಿಂದ ಹಾಳೆಯನ್ನು ಮುಟ್ಟಿಕೊಂಡೇ ಓದುತ್ತವೆ. ಬೂಷ್ಟು ಹೆಡ್‌ಗೆ ಅಂಟಿತು ಅಂದರೆ ಆ ಫ್ಲಾಪಿಯನ್ನೂ ಗೀರುತ್ತದೆ, ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ನಿಮ್ಮ ಮೊದಲನೇದು ಓದಿ ಉಳಿದದ್ದು ಓದದೆ ಇರುವುದಕ್ಕೆ ಇದೇ ಕಾರಣ ಇರಬಹುದು. ಹೆಡ್ ಕೊಳೆಯಾಗಿದ್ದರೆ ಯಾವ ಫ್ಲಾಪಿಯೂ ಓದುವುದಿಲ್ಲ.

ಹಾಗಾಗಿ ಡಬ್ಬ ಖಾಲಿ ಮಾಡಿ ಮೂರು ಗುಂಪು ಮಾಡಿ: ಸ್ವಚ್ಛ ಇರುವುದು, ಸ್ವಲ್ಪ ಚುಕ್ಕೆ ಇರುವುದು, ಪೂರ್ತಿ ಹಬ್ಬಿದ್ದು. ಮೂಲೆಯ ಸಣ್ಣ ಜಾರು ಗುಂಡಿಯನ್ನು ತೂತು ತೆರೆದು ಕಾಣುವ ಹಾಗೆ ಸರಿಸಿ. ಆಗ ಯಾವ ಕಂಪ್ಯೂಟರೂ ಅದರ ಮೇಲೆ ಬರೆಯಲು ಆಗುವುದಿಲ್ಲ. ಎಲ್ಲದಕ್ಕೂ ಇದನ್ನು ಮಾಡಿ.

ಕಟಪಾಡಿ ಮಗಳು:

ನೋಡಿದೆ. ಅರ್ಧದಷ್ಟು ಹೊಳೆಯುತ್ತಿವೆ. ಕೆಲವದರಲ್ಲಿ ನೀವು ಹೇಳಿದ ಹಾಗೆಯೇ ಕವಲು ಕವಲು ಗುರುತು. ಕ್ಲೀನ್ ಮಾಡುವುದು ಹೇಗೆ? ಮನೆಯಲ್ಲಿ ಸರ್ಜಿಕಲ್ ಸ್ಪಿರಿಟ್ ಇದೆ, ಸ್ಯಾನಿಟೈಸರ್ ಇದೆ.

ಸುರತ್ಕಲ್ ಸೋಲ್ಡರ್:

ಎರಡೂ ಬೇಡ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. 99% ಐಸೋಪ್ರೊಪೈಲ್ ಆಲ್ಕೊಹಾಲ್ ತನ್ನಿ. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ.

ಮೊದಲು ಡ್ರೈವ್‌ನ ಹೆಡ್. ಹತ್ತಿ ಕಡ್ಡಿಯನ್ನು ಐಪಿಎಯಲ್ಲಿ ಅದ್ದಿ ಹೆಡ್ ಮೇಲೆ ಮೆಲ್ಲಗೆ ಒರೆಸಿ. ಮೇಲಿನ ಹೆಡ್‌ನ ತೋಳನ್ನು ಎತ್ತಿ ಬಗ್ಗಿಸಬೇಡಿ, ಒಮ್ಮೆ ವಾಲಿದರೆ ಆ ಡ್ರೈವ್ ಮತ್ತೆ ಸರಿಯಾಗಿ ಓದುವುದಿಲ್ಲ.

ಸ್ವಲ್ಪ ಚುಕ್ಕೆ ಇರುವ ಫ್ಲಾಪಿಗೆ ಬಾಗಿಲು ಸರಿಸಿ ಹಿಡಿದು, ಕಿಟಕಿಯೊಳಗೆ ಹತ್ತಿ ಕಡ್ಡಿ ಇಟ್ಟು, ಬಿಲ್ಲೆಯನ್ನು ತಿರುಗಿಸುತ್ತಾ ಹೋದರೆ ಸಾಕು. ಪೂರ್ತಿ ಹಬ್ಬಿದ್ದಾದರೆ ಚಿಪ್ಪು ಬಿಡಿಸಬೇಕು. ಬಾಗಿಲನ್ನು ಎಳೆದು ತೆಗೆದು, ಮೂಲೆಯಿಂದ ತೆಳ್ಳನೆ ಪ್ಲಾಸ್ಟಿಕ್ ಚೂರು ಹಾಕಿ ಬಿಡಿಸಿದರೆ ಹಾಳೆ ಹೊರಗೆ ಬರುತ್ತದೆ. ಅಂಚು ಮತ್ತು ನಡುವಿನ ಬಿಲ್ಲೆ ಬಿಟ್ಟು ಬೇರೆಲ್ಲೂ ಬೆರಳು ತಾಗಬಾರದು. ಕನ್ನಡಕ ಒರೆಸುವ ಬಟ್ಟೆಗೆ ಐಪಿಎ ಹಾಕಿ ಮೆಲ್ಲಗೆ ಒರೆಸಿ, ಒಣಗಿಸಿ, ಬೇರೆ ಒಂದು ಬೇಡದ ಫ್ಲಾಪಿಯ ಶುಚಿಯಾದ ಚಿಪ್ಪಿಗೆ ಹಾಕಿ. ಹಳೇ ಚಿಪ್ಪಿಗೆ ವಾಪಸ್ ಹಾಕಬೇಡಿ, ಅದರ ಒಳಗಿನ ಬಿಳಿ ಬಟ್ಟೆಯಲ್ಲೂ ಬೂಷ್ಟು ಕೂತಿರುತ್ತದೆ. ಒರೆಸುವಾಗ ಹತ್ತಿಗೆ ಕಂದು ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಅದು ಕೊಳೆ ಅಲ್ಲ, ಅಕ್ಷರ ಇರುವ ಲೇಪವೇ ಎದ್ದು ಬರುತ್ತಿದೆ.

ಇನ್ನೊಂದು ಮಾತು. ಆಟಿ ತಿಂಗಳ ಮಳೆಯಲ್ಲಿ ಕಿಟಕಿ ತೆರೆದಿಟ್ಟು ಈ ಕೆಲಸ ಬೇಡ. ಎಸಿ ರೂಮ್ ಇದ್ದರೆ ಅಲ್ಲಿ ಮಾಡಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಆದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಕರಾವಳಿಯ ತೇವಕ್ಕೆ ಕಪಾಟು ತಡೆಯುವುದಿಲ್ಲ.

ಮಣಿಪಾಲ ಲಿನಕ್ಸ್:

ಸೋಲ್ಡರಣ್ಣ ಹೇಳಿದ್ದು ಸರಿ. ಓದುವ ವಿಷಯಕ್ಕೆ ನಾನು ಸೇರಿಸುತ್ತೇನೆ. ಫಾರ್ಮ್ಯಾಟ್ ಕೇಳಿತು ಅಂದರೆ ಒಳಗಿನದೆಲ್ಲ ಹೋಯಿತು ಅಂತ ಅರ್ಥವೇ ಅಲ್ಲ, ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು.

ಮೂರೂವರೆ ಇಂಚಿನ 1.44 ಎಂಬಿ ಫ್ಲಾಪಿಯಲ್ಲಿ ಒಂದು ಬದಿಗೆ 80 ಟ್ರ್ಯಾಕ್ ಅಂದರೆ ಉಂಗುರದ ಹಾಗಿನ ಸುತ್ತು, ಒಂದು ಟ್ರ್ಯಾಕ್‌ಗೆ 18 ಸೆಕ್ಟರ್ ಅಂದರೆ ತುಂಡು, ಒಂದು ಸೆಕ್ಟರ್‌ಗೆ 512 ಬೈಟ್. ಎರಡೂ ಬದಿ ಸೇರಿ 2,880 ಸೆಕ್ಟರ್. ಮೊದಲನೇ ಸೆಕ್ಟರ್ ಬೂಟ್‌ಗೆ, ಆಮೇಲೆ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಎರಡು ಪ್ರತಿ, ಆಮೇಲೆ ಫೈಲ್ ಹೆಸರುಗಳು. ಇವೆಲ್ಲ ಸೇರಿ ಬರೀ 33 ಸೆಕ್ಟರ್. ಅಂದರೆ ಎರಡೂ ಬದಿಯ ತೀರಾ ಹೊರಗಿನ ಟ್ರ್ಯಾಕ್‌ನಲ್ಲೇ ಎಲ್ಲ ಮುಗಿಯಿತು. ಆ ಒಂದು ಸುತ್ತು ಓದಲು ಆಗದಿದ್ದರೆ ವಿಂಡೋಸ್‌ಗೆ ಇದು ಖಾಲಿ ಫ್ಲಾಪಿ ಅನಿಸುತ್ತದೆ. ಉಳಿದ ಎರಡು ಸಾವಿರದ ಎಂಟುನೂರು ಚಿಲ್ಲರೆ ಸೆಕ್ಟರ್ ಚೆನ್ನಾಗಿಯೇ ಇರಬಹುದು, ಅಲ್ವಾ? ಅಪ್ಪನ ಬರಹ ಇರುವುದು ಅಲ್ಲಿ.

ಹಾಗಾಗಿ ಫ್ಲಾಪಿಯಿಂದ ಫೈಲ್ ಕಾಪಿ ಮಾಡಲು ಹೋಗಬೇಡಿ. ಇಡೀ ಫ್ಲಾಪಿಯ ಇಮೇಜ್, ಅಂದರೆ ಎಲ್ಲ ಸೆಕ್ಟರ್‌ಗಳ ಪೂರ್ತಿ ನಕಲು, ಒಂದೇ ಫೈಲ್ ಆಗಿ ತೆಗೆಯಿರಿ. ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲಿಗೆ ಯಾವುದಾದರೂ ಲಿನಕ್ಸ್ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನುವ ಉಚಿತ ಪ್ರೋಗ್ರಾಮ್ ಬಳಸಿ. ಅದು ಮೊದಲು ಸಲೀಸಾಗಿ ಬರುವ ಸೆಕ್ಟರ್‌ಗಳನ್ನು ಎತ್ತಿಕೊಂಡು, ಆಮೇಲೆ ಕಷ್ಟದವಕ್ಕೆ ಬರುತ್ತದೆ. ಯಾವುದು ಬಂತು ಯಾವುದು ಬರಲಿಲ್ಲ ಅಂತ ಒಂದು ಮ್ಯಾಪ್ ಫೈಲ್ ಬರೆದಿಡುತ್ತದೆ. ಇದರ ಲಾಭ ಏನು ಗೊತ್ತಾ, ಅದೇ ಫ್ಲಾಪಿಯನ್ನು ನಾಳೆ ಇನ್ನೊಂದು ಡ್ರೈವ್‌ಗೆ ಹಾಕಿ ಅದೇ ಮ್ಯಾಪ್ ಕೊಟ್ಟರೆ ಬಾಕಿ ಉಳಿದ ಸೆಕ್ಟರ್‌ಗಳನ್ನು ಮಾತ್ರ ಓದಲು ನೋಡುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಫ್ಲಾಪಿಯಲ್ಲಿ ತುಂಬಾ ಸಾಮಾನ್ಯ, ಯಾಕೆಂದರೆ ಪ್ರತಿ ಡ್ರೈವ್‌ನ ಹೆಡ್ ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಕೊನೆಗೆ ಸಿಗುವ ಇಮೇಜ್ ಫೈಲ್ ಸರಿಯಾಗಿ 14,74,560 ಬೈಟ್ ಇರಬೇಕು. ವಿಂಡೋಸ್‌ನಲ್ಲಿ ಸೆವೆನ್‌ಜಿಪ್ ಅದನ್ನು ತೆರೆಯುತ್ತದೆ. ಹೆಸರುಗಳೇ ಹೋಗಿದ್ದರೆ, ಹೆಸರಿಲ್ಲದೆಯೂ ಫೈಲ್ ಹುಡುಕುವ ಫೋಟೋರೆಕ್ ಪ್ರೋಗ್ರಾಮ್ ಹಾಕಿ ನೋಡಿ.

ಬೈಕಂಪಾಡಿ ಫಿಟ್ಟರ್:

ಇಷ್ಟೆಲ್ಲ ಯಾಕೆ ಮಾರಾಯ್ರೆ? ಗುಜರಿಯಲ್ಲಿ ಒಂದು ಹಳೇ ಪೆಂಟಿಯಂ 4 ಕಂಪ್ಯೂಟರ್ ಸಿಗುತ್ತದೆ. ಅದರಲ್ಲಿ ಫ್ಲಾಪಿ ಡ್ರೈವೂ ಇರುತ್ತದೆ, ಬೋರ್ಡ್‌ನಲ್ಲಿ 34 ಪಿನ್ನಿನ ಫ್ಲಾಪಿ ಪೋರ್ಟೂ ಇರುತ್ತದೆ, ಯುಎಸ್‌ಬಿಯೂ ಇರುತ್ತದೆ. ಅಲ್ಲಿ ಓದಿ ಪೆನ್‌ಡ್ರೈವ್‌ಗೆ ಹಾಕಿದರೆ ಮುಗಿಯಿತಲ್ಲ. ಬಯೋಸ್, ಅಂದರೆ ಕಂಪ್ಯೂಟರ್ ಶುರುವಾಗುವಾಗ ಓಡುವ ಸೆಟ್ಟಿಂಗ್ ಪ್ರೋಗ್ರಾಮ್, ಅದರ ಸಣ್ಣ ಸೆಲ್ ಸಿಆರ್2032 ಒಂದು ಬದಲಿಸಿ, ಬಯೋಸ್‌ನಲ್ಲಿ ಡ್ರೈವ್ ಎಗೆ 1.44 ಅಂತ ಇಡಿ, ಅಷ್ಟೇ.

ಸುರತ್ಕಲ್ ಸೋಲ್ಡರ್:

ಫಿಟ್ಟರಣ್ಣ, ಅದು ಒಳ್ಳೆಯ ದಾರಿಯೇ. ನಿಜ ಹೇಳಬೇಕೆಂದರೆ ಯುಎಸ್‌ಬಿ ಡ್ರೈವ್‌ಗಿಂತ ಎಷ್ಟೋ ಮೇಲು. ಹೆಚ್ಚಿನ ಯುಎಸ್‌ಬಿ ಡ್ರೈವ್‌ಗಳಿಗೆ 1.44 ಮತ್ತು 720 ಕೆಬಿ ಬಿಟ್ಟು ಬೇರೆ ಲೋಕ ಗೊತ್ತಿಲ್ಲ. ಒಳಗಿನ ಚಿಪ್ ತಾನೇ ತೀರ್ಮಾನ ಮಾಡಿ "ಸರಿ" ಅಥವಾ "ಸರಿ ಇಲ್ಲ" ಅಂತ ಮಾತ್ರ ಹೇಳುತ್ತದೆ, ನಡುವೆ ಏನು ಕಂಡಿತು ಅಂತ ನಮಗೆ ಕೊಡುವುದಿಲ್ಲ. ಐದೂಕಾಲು ಇಂಚಿನ ಡ್ರೈವನ್ನು ಯುಎಸ್‌ಬಿಗೆ ಸೇರಿಸುತ್ತೇವೆ ಅಂತ ಮಾರುವ ಅಗ್ಗದ 34 ಪಿನ್ ಬೋರ್ಡ್‌ಗಳನ್ನು ನೋಡಿ ಮರುಳಾಗಬೇಡಿ, ಹೆಚ್ಚಿನವು ಮೂರೂವರೆ ಇಂಚಿನ 1.44ಕ್ಕೆ ಮಾತ್ರ.

ಆದರೆ ಕೆಟ್ಟುಹೋದ ಫ್ಲಾಪಿಗೆ ಮತ್ತು ಐದೂಕಾಲಿಗೆ ನಾನು ಹೇಳುವುದು ಗ್ರೀಸ್‌ವೀಝಲ್. ಕೈರ್ ಫ್ರೇಸರ್ ಅನ್ನುವವರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿರುವ ಸಣ್ಣ ಬೋರ್ಡ್, ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ 34 ಪಿನ್. ಕ್ರಯೋಫ್ಲಕ್ಸ್, ಫ್ಲಕ್ಸ್‌ಎಂಜಿನ್ ಅಂತ ಇದೇ ಜಾತಿಯ ಬೇರೆಯವೂ ಇವೆ. ಇದು ಸೆಕ್ಟರ್ ಕೇಳುವುದೇ ಇಲ್ಲ. ಹಾಳೆಯ ಮೇಲೆ ಕಾಂತ ದಿಕ್ಕು ಬದಲಾದ ಪ್ರತಿ ಕ್ಷಣವನ್ನೂ ಸಮಯದ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. 1.44 ಫ್ಲಾಪಿಯಲ್ಲಿ ಎರಡು ಬದಲಾವಣೆಗಳ ನಡುವಿನ ಅಂತರ 2, 3 ಅಥವಾ 4 ಮೈಕ್ರೋಸೆಕೆಂಡ್, ಮೂರೇ ಬಗೆ. ಗ್ರಾಫ್ ಹಾಕಿದರೆ ಒಳ್ಳೆಯ ಟ್ರ್ಯಾಕ್‌ನಲ್ಲಿ ಮೂರು ಚೂಪು ಗುಡ್ಡ ಕಾಣುತ್ತದೆ. ಬೂಷ್ಟು ಇದ್ದ ಕಡೆ ಗುಡ್ಡಗಳು ಕರಗಿ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಅದನ್ನು ನೋಡಿದ ತಕ್ಷಣ ಗೊತ್ತಾಗುತ್ತದೆ, ಇದು ಸತ್ತ ಫ್ಲಾಪಿಯಾ ಅಥವಾ ಇನ್ನೊಮ್ಮೆ ಒರೆಸಬೇಕಾದ ಫ್ಲಾಪಿಯಾ ಅಂತ. ಹಾಳೆ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 0.2 ಸೆಕೆಂಡ್. ಒಂದೇ ಟ್ರ್ಯಾಕನ್ನು ಹಲವು ಸುತ್ತು ಓದಿಸಿ, ಯಾವ ಸುತ್ತಿನಲ್ಲಿ ಯಾವ ಸೆಕ್ಟರ್ ಸರಿ ಬಂತೋ ಅದನ್ನು ಆರಿಸಬಹುದು. ಪ್ರತಿ ಸೆಕ್ಟರ್ ಕೊನೆಯಲ್ಲೂ ಎರಡು ಬೈಟ್ ಸಿಆರ್‌ಸಿ, ಅಂದರೆ ಓದಿದ್ದು ಸರಿಯೇ ಅಂತ ತಾಳೆ ನೋಡುವ ಸಂಖ್ಯೆ, ಇರುವುದರಿಂದ ಊಹೆ ಮಾಡುವ ಅಗತ್ಯ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಒಮ್ಮೆ ಹೀಗೆ ಫ್ಲಕ್ಸ್, ಅಂದರೆ ಆ ಕಾಂತ ಬದಲಾವಣೆಗಳ ದಾಖಲೆ, ತೆಗೆದಿಟ್ಟರೆ ಫ್ಲಾಪಿಯನ್ನು ಮತ್ತೆ ಮತ್ತೆ ತಿರುಗಿಸುವ ಅಗತ್ಯ ತುಂಬಾ ಕಮ್ಮಿಯಾಗುತ್ತದೆ. ಹಾಳೆಗೆ ಇನ್ನೆಷ್ಟು ಸುತ್ತು ಆಯಸ್ಸು ಇದೆಯೋ ಯಾರಿಗೂ ಗೊತ್ತಿಲ್ಲ.

ಕಟಪಾಡಿ ಮಗಳು:

ಇದನ್ನೇ ಮಾಡಿಸುತ್ತೇನೆ. ಆದರೆ ವೈರ್ ಜೋಡಣೆ ನನಗೆ ಗೊತ್ತಿಲ್ಲ. ತಮ್ಮನ ಹತ್ತಿರ ಹಳೇ ಡ್ರೈವ್ ಮತ್ತು ಪಟ್ಟಿ ಕೇಬಲ್ ಇದೆ. ಕರೆಂಟ್ ಎಲ್ಲಿಂದ ಕೊಡುವುದು?

ಸುರತ್ಕಲ್ ಸೋಲ್ಡರ್:

ಹಳೇ ಐಡಿಇ ಹಾರ್ಡ್‌ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಕಿಟ್ ಇರುತ್ತದಲ್ಲ, ಅದರ ಪವರ್ ಅಡಾಪ್ಟರ್ 5 ವೋಲ್ಟ್ ಮತ್ತು 12 ವೋಲ್ಟ್ ಎರಡೂ ಕೊಡುತ್ತದೆ. ದೊಡ್ಡ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಫ್ಲಾಪಿಯ ಸಣ್ಣ ನಾಲ್ಕು ಪಿನ್‌ಗೆ ಬದಲಿಸುವ ತುಂಡು ವೈರ್ ಬೇರೆ ಸಿಗುತ್ತದೆ. ಕೆಂಪು 5 ವೋಲ್ಟ್, ಹಳದಿ 12, ಕಪ್ಪು ಎರಡು ಗ್ರೌಂಡ್. ಸಣ್ಣ ಪ್ಲಗ್ ಹಾಕುವಾಗ ಒಂದು ಪಿನ್ ಪಕ್ಕಕ್ಕೆ ಜಾರದಂತೆ ನೋಡಿ. ಕೆಲವು ಡ್ರೈವ್‌ನಲ್ಲಿ ಸುತ್ತ ಗೋಡೆ ಇರುವುದಿಲ್ಲ, ತಪ್ಪಿ ಕೂತು 5ರ ಜಾಗಕ್ಕೆ 12 ಹೋಯಿತು ಅಂದರೆ ಡ್ರೈವ್ ಸುಟ್ಟಿತು. ಕರೆಂಟ್ ಕೊಡುವ ಮೊದಲು ತಮ್ಮನೂ ಒಮ್ಮೆ ನೋಡಲಿ.

ಪಟ್ಟಿ ಕೇಬಲ್‌ನಲ್ಲಿ ಕೆಂಪು ಗೆರೆ ಇರುವ ಅಂಚು 1ನೇ ಪಿನ್. ಕೇಬಲ್ ನಡುವೆ ಕೆಲವು ವೈರ್ ತಿರುಚಿ ಹೋಗಿರುತ್ತವೆ, 10ರಿಂದ 16ರ ತನಕ. ಆ ತಿರುಚಿನ ಆಚೆ ತುದಿಗೆ ಹಾಕಿದ್ದು ಡ್ರೈವ್ ಎ, ಈಚೆಗೆ ಹಾಕಿದ್ದು ಬಿ. ನೀವು ತುದಿಗೆ ಹಾಕಿ. ಪವರ್ ಕೊಟ್ಟ ತಕ್ಷಣ ಡ್ರೈವ್‌ನ ದೀಪ ಉರಿದು ಆರದೆ ನಿಂತರೆ ಕೇಬಲ್ ಉಲ್ಟಾ ಆಗಿದೆ, ತೆಗೆದು ತಿರುಗಿಸಿ. ಇದರಿಂದ ಡ್ರೈವ್ ಸುಡುವುದಿಲ್ಲ, ಆದರೆ ಆ ಸ್ಥಿತಿಯಲ್ಲಿ ಅಪ್ಪನ ಫ್ಲಾಪಿ ಒಳಗೆ ಇರಬಾರದು. ಬೇಡದ ಫ್ಲಾಪಿಯಲ್ಲಿ ಮೊದಲು ಪ್ರಯೋಗ ಮಾಡಿ, ಆಮೇಲೆ ಸ್ವಚ್ಛ ಗುಂಪು, ಕೊನೆಗೆ ಬೂಷ್ಟಿನ ಗುಂಪು. ಬೂಷ್ಟಿನ ಪ್ರತಿ ಫ್ಲಾಪಿ ಆದ ಮೇಲೂ ಹೆಡ್ ಒರೆಸಿ.

ಐದೂಕಾಲಿಗೆ ಬೇರೆ ಡ್ರೈವ್ ಬೇಕು. ಅದರ ಕನೆಕ್ಟರ್ ಪಿನ್ ಅಲ್ಲ, ಬೋರ್ಡ್‌ನ ಅಂಚೇ ಹೊರಗೆ ಬಂದಿರುತ್ತದೆ, ಅದಕ್ಕೆ ತಕ್ಕ ಕೇಬಲ್ ಬೇಕು. 12 ವೋಲ್ಟ್ ಕೊಡಲೇಬೇಕು, ಮೋಟರ್ ಅದರಲ್ಲೇ ಓಡುವುದು. ಶಾಲೆಯವು 360 ಕೆಬಿ ಇರಬಹುದು, 40 ಟ್ರ್ಯಾಕ್. 1.2 ಎಂಬಿ ಡ್ರೈವ್ 80 ಟ್ರ್ಯಾಕ್‌ನದು, ಒಂದು ಬಿಟ್ಟು ಒಂದು ಹೆಜ್ಜೆ ಹಾಕಿ ಓದಬೇಕು, ಸುತ್ತೂ ನಿಮಿಷಕ್ಕೆ 360. ಇದೆಲ್ಲವನ್ನೂ ಗ್ರೀಸ್‌ವೀಝಲ್ ಸಂಭಾಳಿಸುತ್ತದೆ. ಓದಿ, ಆದರೆ ಆ ಡ್ರೈವ್‌ನಲ್ಲಿ 360ರ ಫ್ಲಾಪಿಗೆ ಏನನ್ನೂ ಬರೆಯಬೇಡಿ. ಅದರ ಸಪೂರ ಗೆರೆಯನ್ನು ಹಳೇ ಡ್ರೈವ್ ಸರಿಯಾಗಿ ಓದುವುದಿಲ್ಲ. ಇದರಲ್ಲಿ ಬರೆಯದಂತೆ ತಡೆಯಲು ಪಕ್ಕದ ಕಚ್ಚನ್ನು ಟೇಪ್ ಹಾಕಿ ಮುಚ್ಚಬೇಕು. ಮೂರೂವರೆಗೆ ತೆರೆದದ್ದು ರಕ್ಷಣೆ, ಇದಕ್ಕೆ ಮುಚ್ಚಿದ್ದು ರಕ್ಷಣೆ.

ಬೈಕಂಪಾಡಿ ಫಿಟ್ಟರ್:

ನಡುವೆ ನನ್ನದೊಂದು. ನಮ್ಮಲ್ಲಿ ಒಂದು ಹಳೇ ಮಿಷನ್ ಇದೆ, ಪ್ರೋಗ್ರಾಮ್ ಫ್ಲಾಪಿಯಿಂದಲೇ ಹಾಕಬೇಕು. ಹೊಸ ಫ್ಲಾಪಿ ಸಿಗುವುದಿಲ್ಲ, ಸೋನಿಯವರೂ 2011ರಲ್ಲೇ ಮಾರಾಟ ನಿಲ್ಲಿಸಿದ್ದರು. ಇದಕ್ಕೆ ಏನು?

ಮಣಿಪಾಲ ಲಿನಕ್ಸ್:

ನಿಮ್ಮದು ಇದರ ಉಲ್ಟಾ ಕತೆ ಅಣ್ಣ. ಗೋಟೆಕ್ ಅಂತ ಫ್ಲಾಪಿ ಡ್ರೈವ್‌ನದೇ ಅಳತೆಯ ಪೆಟ್ಟಿಗೆ ಬರುತ್ತದೆ. ಅದೇ 34 ಪಿನ್, ಅದೇ ಪವರ್ ಪ್ಲಗ್. ಎದುರಿಗೆ ಪೆನ್‌ಡ್ರೈವ್ ಚುಚ್ಚುವುದು. ಮಿಷನ್‌ಗೆ ಇದು ಫ್ಲಾಪಿಯೇ ಅನಿಸುತ್ತದೆ. ಅದಕ್ಕೆ ಫ್ಲ್ಯಾಶ್‌ಫ್ಲಾಪಿ ಅನ್ನುವ ಫರ್ಮ್‌ವೇರ್, ಅಂದರೆ ಪೆಟ್ಟಿಗೆಯೊಳಗೆ ಓಡುವ ಪ್ರೋಗ್ರಾಮ್, ಹಾಕಿ, ಅದೂ ಗ್ರೀಸ್‌ವೀಝಲ್ ಮಾಡಿದವರದ್ದೇ. ಒಂದು ವಿಷಯ ನೋಡಿಕೊಳ್ಳಿ, ಪಿಸಿಯಲ್ಲಿ 34ನೇ ಪಿನ್ ಫ್ಲಾಪಿ ಬದಲಾಯಿತು ಅನ್ನುವ ಸೂಚನೆಗೆ. ಕೆಲವು ಮಿಷನ್‌ಗಳಲ್ಲಿ ಅದೇ ಪಿನ್ "ರೆಡಿ" ಅನ್ನುವುದಕ್ಕೆ. ಹಳೇ ಡ್ರೈವ್‌ನ ಜಂಪರ್, ಅಂದರೆ ಎರಡು ಪಿನ್ ಸೇರಿಸುವ ಸಣ್ಣ ತುಂಡು, ಹೇಗಿತ್ತು ಅಂತ ತೆಗೆಯುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಮಿಷನ್‌ನ ಮೂಲ ಫ್ಲಾಪಿಗಳ ಇಮೇಜ್ ಈಗಲೇ ತೆಗೆಯಿರಿ, ಅದು ಹೋದರೆ ಮಿಷನ್ ಕಬ್ಬಿಣದ ತೂಕಕ್ಕೆ ಹೋಗುತ್ತದೆ.

ಕಟಪಾಡಿ ಮಗಳು:

ಬೋರ್ಡ್ ಬಂತು, ತಮ್ಮ ಜೋಡಿಸಿದ. ಸ್ವಚ್ಛ ಗುಂಪು ಎಲ್ಲವೂ ಪೂರ್ತಿ ಬಂದವು! ಬೂಷ್ಟಿನವೂ ಒರೆಸಿದ ಮೇಲೆ ಹೆಚ್ಚಿನವು ಬಂದಿವೆ. "ಬಿಸಾಡಿ" ಅಂದಿದ್ದ ಒಂದು ಫ್ಲಾಪಿಯಲ್ಲಿ ಹೊರಗಿನ ಟ್ರ್ಯಾಕ್ ಮಾತ್ರ ಹೋಗಿತ್ತು, ಫೈಲ್‌ಗಳೆಲ್ಲ ಇದ್ದವು. ಸೋಲ್ಡರಣ್ಣ, ಲಿನಕ್ಸ್ ತಮ್ಮ, ಇಬ್ಬರಿಗೂ ಎಷ್ಟು ಹೇಳಿದರೂ ಸಾಲದು.

ಈಗ ಹೊಸ ತಲೆನೋವು. ಫೈಲ್ ತೆರೆದರೆ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ, ತಲೆ ಮೇಲೆ ಚುಕ್ಕೆ ಇರುವ ಅಕ್ಷರ ಎಲ್ಲ ಕಲಸಿ ಬರುತ್ತಿದೆ. ಫೈಲೇ ಕೆಟ್ಟಿದೆಯಾ?

ರಥಬೀದಿ ಡಿಟಿಪಿ:

ಕೆಟ್ಟಿಲ್ಲಮ್ಮ, ಅದು ಕನ್ನಡವೇ. ಇದು ನಾನು ವರ್ಷಗಟ್ಟಲೆ ಕೂತ ಜಾಗ, ಹಾಗಾಗಿ ಹೇಳುತ್ತೇನೆ. ಆಗ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ, ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಬಳಸುತ್ತಿದ್ದೆವು. ಒತ್ತಿಗೆ ಒಂದು ಜಾಗ, ದೀರ್ಘಕ್ಕೆ ಒಂದು ಜಾಗ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹೀಗೇ ಕಾಣುತ್ತದೆ. "ಬರಹ" ಅನ್ನುವ ಕನ್ನಡ ತಂತ್ರಾಂಶ 1998ರಲ್ಲಿ ಬಂತು, ಮನೆಯಲ್ಲಿ ಟೈಪ್ ಮಾಡುವವರು ಹೆಚ್ಚಿನವರು ಅದನ್ನೇ ಹಾಕಿಕೊಂಡರು. ಪ್ರೆಸ್‌ಗಳಲ್ಲಿ ಶ್ರೀಲಿಪಿ, ಪ್ರಕಾಶಕ, ಆಕೃತಿ ಓಡುತ್ತಿತ್ತು. ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರ "ಸೇಡಿಯಾಪು" ತಂತ್ರಾಂಶ ಬಳಸಿದವರೂ ಇದ್ದಾರೆ. ಇವತ್ತು "ನುಡಿ" ತಂತ್ರಾಂಶದಲ್ಲಿ ನಾವು ಒತ್ತುವ ಕೀಲಿಮಣೆಯ ಮೂಲ ಅವರದೇ. ವಿಂಡೋಸ್‌ಗೆ ಮುಂಚಿನ ಡಾಸ್ ಕಾಲದ್ದಾದರೆ ಇಸ್ಕಿ ಅನ್ನುವ, ಭಾರತೀಯ ಲಿಪಿಗಳ ಹಳೇ ಸಂಕೇತ ಇರಬಹುದು, ಅದಕ್ಕೆ ಬೇರೆ ಪರಿವರ್ತಕ.

ಒಂದೊಂದು ಫಾಂಟ್‌ಗೂ ಒಂದೊಂದು ಜೋಡಣೆ. ಹಾಗಾಗಿ ಮೊದಲು ಯಾವ ಫಾಂಟ್ ಅಂತ ಪತ್ತೆ ಮಾಡಿ. ವರ್ಡ್ ಫೈಲ್ ಆಗಿದ್ದರೆ ಲಿಬ್ರೆ ಆಫೀಸ್‌ನಲ್ಲಿ ತೆರೆದು ಅಕ್ಷರದ ಮೇಲೆ ಕರ್ಸರ್ ಇಡಿ, ಮೇಲೆ ಫಾಂಟ್ ಹೆಸರು ಕಾಣುತ್ತದೆ. ಬರಹ, ನುಡಿ ಫಾಂಟ್‌ನದ್ದಕ್ಕೆ ಯುನಿಕೋಡ್ ಪರಿವರ್ತಕ ಉಚಿತವಾಗಿ ಸಿಗುತ್ತದೆ. ಶ್ರೀಲಿಪಿಯದ್ದಾದರೆ ಅದಕ್ಕೇ ಆದದ್ದು ಬೇಕು, ಬೇರೆಯದು ಹಾಕಿದರೆ ಕನ್ನಡದ ಹಾಗೆ ಕಾಣುವ ಅರ್ಥವಿಲ್ಲದ ಸಾಲುಗಳು ಬರುತ್ತವೆ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪಾದರೆ ಅಲ್ಲೇ ಆಗುವುದು. ಮೂಲ ಫೈಲ್ ಮತ್ತು ಇಮೇಜ್ ಎರಡನ್ನೂ ಅಳಿಸಬೇಡಿ. ಪರಿವರ್ತಿಸಿದ್ದು ಬೇರೆ ಫೋಲ್ಡರ್‌ನಲ್ಲಿ ಇರಲಿ.

ಶಾಲೆಯ ಐದೂಕಾಲು ಫ್ಲಾಪಿಯಲ್ಲಿ ವರ್ಡ್‌ಸ್ಟಾರ್ ಅನ್ನುವ ಹಳೇ ಟೈಪಿಂಗ್ ಪ್ರೋಗ್ರಾಮ್‌ನ ಫೈಲ್ ಇದ್ದರೆ, ಇಂಗ್ಲಿಷ್ ಪದಗಳ ಕೊನೆ ಅಕ್ಷರ ಮಾತ್ರ ವಿಚಿತ್ರ ಆಗಿ ಕಾಣಬಹುದು. ಅದರಲ್ಲಿ ಎಂಟನೇ ಬಿಟ್ ಏರಿಸಿ ಇಡುವ ಪದ್ಧತಿ ಇತ್ತು. ಆ ಬಿಟ್ ಇಳಿಸಿದರೆ ಓದಲು ಬರುತ್ತದೆ.

ಕಟಪಾಡಿ ಮಗಳು:

ಫಾಂಟ್ ಹೆಸರು ಸಿಕ್ಕಿತು, ಬರಹದ್ದೇ. ಕರ್ಣನ ಅರ್ಥದ ಮೊದಲ ಪುಟ ಪರಿವರ್ತನೆ ಮಾಡಿ ಅಪ್ಪನಿಗೆ ಓದಿದೆ. ಎರಡನೇ ಸಾಲಿಗೇ ತಡೆದು "ಅಲ್ಲಿ ಒತ್ತು ಬಿಟ್ಟುಹೋಗಿದೆ, ಸರಿ ಮಾಡು" ಅಂದರು. ಉಳಿದದ್ದನ್ನೂ ದಿನಾ ಸಂಜೆ ಓದಿಸಿಕೊಂಡು ಅವರೇ ತಿದ್ದಿಸುತ್ತಾರಂತೆ. ನನಗೆ ಇನ್ನು ಬೇಕಾಗಿರುವುದು ಐದೂಕಾಲು ಇಂಚಿನ ಡ್ರೈವ್. ಯಾರ ಹತ್ತಿರವಾದರೂ ಇದೆಯಾ?

ಸುರತ್ಕಲ್ ಸೋಲ್ಡರ್:

ನನ್ನ ಹತ್ತಿರ ಒಂದು ಟಿಯಾಕ್ 1.2 ಎಂಬಿ ಡ್ರೈವ್ ಇದೆ, ಓಡುತ್ತದೆ. ಅಂಚಿನ ಕನೆಕ್ಟರ್ ಇರುವ ಕೇಬಲ್ ಸಮೇತ ಕೊಡುತ್ತೇನೆ, ಕೆಲಸ ಮುಗಿದ ಮೇಲೆ ವಾಪಸ್ ಕೊಡಿ. ಉಡುಪಿಗೆ ಬರುವುದಿದೆ, ಬರುವ ಮೊದಲು ಇಲ್ಲೇ ಬರೆಯುತ್ತೇನೆ. ಫ್ಲಾಪಿಯ ಉದ್ದ ಕಿಟಕಿಯಲ್ಲಿ ಟಾರ್ಚ್ ಹಾಕಿ ನೋಡಿಟ್ಟುಕೊಳ್ಳಿ, ಕಚ್ಚಿಗೆ ಟೇಪ್ ಹಾಕಿ. 12 ವೋಲ್ಟ್ ಅಡಾಪ್ಟರ್ ಮಾತ್ರ ನಿಮ್ಮದೇ ಇರಲಿ.